ಸಹಾಯ ಬೇಕು: ಹಳೆ ಫೈಬರ್ ದೋಣಿ ಯಾರಿಗೆ ಕೊಡೋದು?

ನಮಸ್ಕಾರ. ಗಂಗೊಳ್ಳಿಯಲ್ಲಿ ನಮ್ಮ ಅಪ್ಪಯ್ಯನ ಹಳೆ ಫೈಬರ್ ನಾಡದೋಣಿ ಇದೆ. ಇಂಜಿನ್, ಬಲೆ ಎಲ್ಲ ಮಾರಿ ಆಯಿತು. ಖಾಲಿ ದೋಣಿ ಮಾತ್ರ ಹೊಳೆ ದಂಡೆಯಲ್ಲಿ ಉಳಿದಿದೆ. ತಳ ಬಿರುಕು ಬಿಟ್ಟಿದೆ, ಅಂಚಿನಲ್ಲಿ ಗಾಜಿನ ನಾರು ಎದ್ದು ಕೈಗೆ ಚುಚ್ಚುತ್ತದೆ. ಮಕ್ಕಳು ಅಲ್ಲೇ ಆಡುತ್ತಾರೆ, ಅದೇ ಭಯ.

ಗುಜರಿಯವರು ಬೇಡ ಅಂದರು. ಗಾಜಿನ ನಾರನ್ನು ಅಂಟಿಸಿ ಹಿಡಿದಿಡುವ ಈ ರಾಳ (ರೆಸಿನ್) ಒಮ್ಮೆ ಗಟ್ಟಿಯಾದರೆ ಮತ್ತೆ ಕರಗೋದಿಲ್ಲ, ಅಲ್ವಾ. ಮರದ್ದಾಗಿದ್ದರೆ ಸೌದೆಗಾದರೂ ಆಗುತ್ತಿತ್ತು. ಸುಟ್ಟುಬಿಡಿ ಎನ್ನುವವರೂ ಇದ್ದಾರೆ, ಆದರೆ ಆ ವಿಷದ ಹೊಗೆ ಊರಿಗೆ ಬೇಡ. ಸಮುದ್ರದಲ್ಲಿ ಮುಳುಗಿಸಿದರೆ ಬೇರೆಯವರ ಬಲೆ ಹರಿಯುತ್ತದೆ.

ನೋಂದಣಿ ಇನ್ನೂ ಅಪ್ಪಯ್ಯನ ಹೆಸರಲ್ಲೇ ಇದೆ. ಮೀನುಗಾರಿಕೆ ಇಲಾಖೆಯಲ್ಲಿ ಅದನ್ನು ಮೊದಲು ರದ್ದು ಮಾಡಿಸಬೇಕಾ, ಇಲ್ಲ ದೋಣಿ ಒಡೆಸಿದ ಮೇಲಾ? ಉಡುಪಿ, ಕುಂದಾಪುರ ಕಡೆ ಹಳೆ ಫೈಬರ್ ತಗೊಳ್ಳುವವರು ಯಾರಾದರೂ ಇದ್ದಾರಾ?