ಬಿದರಿ ಥರ ಕರಿ-ಬೆಳ್ಳಿ ರೆಕಾರ್ಡ್ ಮಾಡಿಸಬೇಕು, ಸ್ಪ್ಲಾಟರ್ ಸರಿ ಹೋಗುತ್ತಾ?

ಗವಾನ್_ಗಲ್ಲಿ (ಬೀದರ್)

ಎಲ್ಲರಿಗೂ ನಮಸ್ಕಾರ. ನಮ್ಮ ಸೋದರಮಾವ ಭಜನಾ ಮಂಡಳಿಯಲ್ಲಿ ತತ್ವಪದ ಹಾಡುತ್ತಿದ್ದರು. ಏಕತಾರಿ, ದಮ್ಮಡಿ, ಹಿಂದೆ ದನಿಗೂಡಿಸಲು ಇಬ್ಬರು, ಅಷ್ಟೇ. ತೀರಿಕೊಳ್ಳುವ ಹಿಂದಿನ ವರ್ಷ ಒಳ್ಳೆ ಮೈಕ್ ತಂದು ಮನೆಯ ಪಡಸಾಲೆಯಲ್ಲೇ ರೆಕಾರ್ಡ್ ಮಾಡಿಕೊಂಡಿದ್ದೆವು. ಒಟ್ಟು 36 ನಿಮಿಷ ಇದೆ. ಈಗ ಮನೆಯವರೆಲ್ಲ ದುಡ್ಡು ಹಾಕಿ 100 ಎಲ್‌ಪಿ (ಗ್ರಾಮಫೋನ್ ಪ್ಲೇಟು) ಒತ್ತಿಸುತ್ತಿದ್ದೇವೆ. 12 ಇಂಚು, ಒಂದೊಂದು ಕಡೆ 18 ನಿಮಿಷ.

ತಲೆ ಕೆಟ್ಟಿರುವುದು ಬಣ್ಣದ ವಿಷಯಕ್ಕೆ. ಫ್ಯಾಕ್ಟರಿಯವರು ಕಳಿಸಿದ ಪಟ್ಟಿಯಲ್ಲಿ ಕಪ್ಪು, ಆರಪಾರ ಕಾಣುವ ಬಣ್ಣಗಳು, ಮಾರ್ಬಲ್, ಅರ್ಧ-ಅರ್ಧ, ಸ್ಪ್ಲಾಟರ್ (ಒಂದು ಬಣ್ಣದ ಮೇಲೆ ಇನ್ನೊಂದು ಸಿಡಿದಂಥದ್ದು), ಕತ್ತಲಲ್ಲಿ ಹೊಳೆಯೋದು, ಎಲ್ಲಾ ಇವೆ. ನಮ್ಮದು ಬೀದರ್ ಅಲ್ವಾ, ಕಪ್ಪಿನ ಮೇಲೆ ಬೆಳ್ಳಿ ಸ್ಪ್ಲಾಟರ್ ಹಾಕಿಸಿದರೆ ಬಿದರಿ ಹೂಜಿ ಥರ ಕಾಣುತ್ತೆ ಅಂತ ನನ್ನ ಲೆಕ್ಕ. ಕಂಪ್ಯೂಟರ್ ಚಿತ್ರದಲ್ಲಂತೂ ಸೂಪರ್ ಆಗಿದೆ. ಅತ್ತೆಗೆ ತೋರಿಸಿದೆ. "ಸುಣ್ಣ ಹೊಡೆಯುವಾಗ ಸಿಡಿದಂಗೆ ಐತಲ್ಲೋ" ಅಂದುಬಿಟ್ಟರು. ಅವರ ಮಗನಿಗೆ ಕತ್ತಲಲ್ಲಿ ಹೊಳೆಯೋದೇ ಬೇಕಂತೆ. ಮಾಡಿಸಿದವರು ಯಾರಾದರೂ ಇದ್ದರೆ ಹೇಳಿ.

ಸೂಪರ್‌ಮಾರ್ಕೆಟ್_ಡ್ರಮ್ಮರ್ (ಕಲಬುರಗಿ)

ಅಣ್ಣಾ, ನಮ್ಮ ಬ್ಯಾಂಡಿನದು ಕಿತ್ತಳೆ ಮೇಲೆ ಕಪ್ಪು ಸ್ಪ್ಲಾಟರ್ ಮಾಡಿಸಿದ್ದೆವು. ಕೇಳಿಸ್ಕೊಳ್ಳಿ.

ಸಜ್ಜೆ ರೊಟ್ಟಿಗೆ ಎಳ್ಳು ಹಚ್ಚೋದು ನೋಡಿದ್ದೀರಲ್ಲ? ಹೆಚ್ಚುಕಡಿಮೆ ಅದೇ ಕೆಲಸ. ಪಿವಿಸಿ ಹರಳು ಕರಗಿಸಿ ಉಂಡೆ ಮಾಡುತ್ತಾರೆ. ಅದಕ್ಕೆ ಬೇರೆ ಬಣ್ಣದ ಹರಳು ಹಚ್ಚಿ, ಎರಡು ಅಚ್ಚುಗಳ ನಡುವೆ ಇಟ್ಟು, ಹಬೆಯ ಬಿಸಿಯಲ್ಲಿ ಒತ್ತುತ್ತಾರೆ. ಉಂಡೆ ನಡುವಿನಿಂದ ಅಂಚಿಗೆ ಹರಡುತ್ತೆ. ಹರಳೂ ಅದರ ಜೊತೆ ಎಳೆದುಕೊಂಡು ಹೋಗುತ್ತೆ. ಹಾಗಾಗಿ ಸಿಗೋದು ನಡುವಿನಿಂದ ಸಿಡಿದ ಗೀರು ಮಾತ್ರ. ಬಿದರಿಯ ಬಳ್ಳಿ-ಹೂವು ಯಾವ ಜನ್ಮಕ್ಕೂ ಬರೋದಿಲ್ಲ. ಒಂದರ ಹಾಗೆ ಇನ್ನೊಂದು ಇರೋದಿಲ್ಲ. ನಮ್ಮಲ್ಲಿ ಕೆಲವು ಹುಲಿ ಥರ ಬಂದವು, ಕೆಲವು ಪಾನ್ ಉಗುಳಿದ ಗೋಡೆ ಥರ.

ಬೆಳ್ಳಿ ಬಣ್ಣದ ಮೇಲೆ ಜಾಸ್ತಿ ಆಸೆ ಇಟ್ಟುಕೊಳ್ಳಬೇಡಿ. ಪರದೆ ಮೇಲೆ ಮಿಂಚುತ್ತೆ, ಪ್ಲಾಸ್ಟಿಕ್ಕಿನೊಳಗೆ ಬೂದಿ ಬಣ್ಣಕ್ಕೆ ತಿರುಗುತ್ತೆ.

ಇನ್ನೊಂದು ಮುಖ್ಯ ವಿಷಯ. ನಮಗೆ ಮೊದಲು ಕೇಳಿ ನೋಡಲು ಕಳಿಸಿದ ಟೆಸ್ಟ್ ಪ್ರೆಸಿಂಗ್ (ಮಾದರಿ ಪ್ಲೇಟು) ಕಪ್ಪು ಪ್ಲಾಸ್ಟಿಕ್ಕಿನದು. ಹಾಡು ಬಿಟ್ಟರೆ ಬೇರೆ ಸದ್ದೇ ಇರಲಿಲ್ಲ, ಓಕೆ ಅಂದೆವು. ಬಣ್ಣದ್ದು ಬಂದಾಗ ಹಾಡಿನ ನಡುವಿನ ಗ್ಯಾಪಿನಲ್ಲಿ ಚಿಟಚಿಟ. ನಮ್ಮದು ಡ್ರಮ್ಸ್ ಗದ್ದಲ, ಮುಚ್ಚಿಹೋಯಿತು. ನಿಮ್ಮದು ಏಕತಾರಿ. ಮಾವ ಉಸಿರೆಳೆದುಕೊಂಡಿದ್ದೂ ಕೇಳಿಸಬೇಕು. ಒಂದೇ ಬಣ್ಣದ್ದಾದರೆ, ಒಳ್ಳೆ ಕಡೆ ಒತ್ತಿಸಿದರೆ, ಕಪ್ಪಿಗೂ ಅದಕ್ಕೂ ಅಂಥ ವ್ಯತ್ಯಾಸ ಗೊತ್ತಾಗೋದಿಲ್ಲ. ಸ್ಪ್ಲಾಟರ್, ಪಿಕ್ಚರ್ ಡಿಸ್ಕ್ (ಪ್ಲೇಟಿನೊಳಗೇ ಚಿತ್ರ ಇರೋದು), ಹೊಳೆಯೋ ಪುಡಿ ಬೆರೆಸಿದ್ದು, ಈ ಮೂರರಿಂದ ದೂರ ಇರಿ. ತಮ್ಮನಿಗೆ ಒಂದು ಹೊಳೆಯೋ ಕೀಚೈನ್ ಕೊಡಿಸಿ.

ಕೋಟೆ_ಮಣ್ಣು (ಬೀದರ್)

ತಮ್ಮಾ, ನಮ್ಮ ಮನೆಯಲ್ಲಿ ಬಿದರಿ ಕೆಲಸ ಮಾಡುತ್ತೇವೆ. ನಿಮ್ಮ ಅತ್ತೆ ಹೇಳಿದ್ದೇ ಸರಿ.

ಸತುವಿಗೆ ಸ್ವಲ್ಪ ತಾಮ್ರ ಸೇರಿಸಿ ಎರಕ ಹೊಯ್ಯುತ್ತೇವೆ. ಮೈಲುತುತ್ತದ ನೀರು ಸವರಿ ಸದ್ಯಕ್ಕೆ ಕಪ್ಪು ಮಾಡಿಕೊಂಡು, ಗೀಚಿ, ಉಳಿಯಿಂದ ಕೊರೆದು, ಬೆಳ್ಳಿ ತಂತಿ ಬಡಿದು ಕೂರಿಸುತ್ತೇವೆ. ಉಜ್ಜಿದಾಗ ಎಲ್ಲಾ ಒಂದೇ ಬಿಳಿ, ತಂತಿ ಎಲ್ಲಿದೆ ಅಂತ ಹುಡುಕಬೇಕು. ಆಮೇಲೆ ಕೋಟೆ ಮಣ್ಣು, ನವಸಾಗರ ಕಲಸಿದ ಬಿಸಿ ನೀರಿಗೆ ಹಾಕಿದರೆ ಲೋಹ ಕಪ್ಪಾಗುತ್ತೆ, ಬೆಳ್ಳಿ ಹಾಗೇ ಉಳಿಯುತ್ತೆ. ಆ ಹೊತ್ತಿಗೆ ಇವತ್ತಿಗೂ ನಾನು ಕೈಯಲ್ಲಿನ ಕೆಲಸ ಬಿಟ್ಟು ಬಂದು ನಿಲ್ಲುತ್ತೇನೆ. ನೋಡುವವರು ಬೆಳ್ಳಿ ಬೆಳ್ಳಿ ಅನ್ನುತ್ತಾರೆ. ಅರ್ಧ ಅಂದ ಖಾಲಿ ಬಿಟ್ಟ ಕಪ್ಪಿನದು. ಅದರ ಮೇಲೆ ಸಿಡಿಸಿದರೆ ಬಿದರಿ ಹೇಗಾಗುತ್ತೆ?

ಬಳ್ಳಿ ಬೇಕಂದರೆ ನಡುವಿನ ಲೇಬಲ್ ಇದೆಯಲ್ಲ, ಅದರ ಮೇಲೆ ಬರೆಸಿ. ಕಪ್ಪು ಕಾಗದ, ತೆಳು ಗೆರೆ.

ಹಳೇ_ಪ್ಲೇಟು (ಯಾದಗಿರಿ)

ಬಣ್ಣದ ಹುಚ್ಚು ಹೊಸದೇನಲ್ಲ. ಅಮೆರಿಕದ ಆರ್‌ಸಿಎ ವಿಕ್ಟರ್ 1949ರಲ್ಲಿ 45 ಸ್ಪೀಡಿನ (ನಿಮಿಷಕ್ಕೆ 45 ಸುತ್ತು) ರೆಕಾರ್ಡ್ ತಂದಾಗ ಶಾಸ್ತ್ರೀಯಕ್ಕೆ ಕೆಂಪು, ಹಳ್ಳಿ ಹಾಡಿಗೆ ಹಸಿರು, ಮಕ್ಕಳಿಗೆ ಹಳದಿ ಅಂತ ಹಂಚಿತ್ತು. ಜಾಸ್ತಿ ದಿನ ನಡೆಯಲಿಲ್ಲ.

ನನ್ನ ಹತ್ತಿರ ಗಾಜಿನಂಥ ಪಾರದರ್ಶಕದ್ದು ಒಂದಿದೆ. ನೋಡೋಕೆ ಚಂದ. ಮೂರನೇ ಹಾಡಿನ ಮೇಲೆ ಮುಳ್ಳು ಇಡಿ ನೋಡೋಣ! ಗ್ಯಾಪ್ ಕಾಣಿಸೋದೇ ಇಲ್ಲ, ಕೆಳಗಿನ ಮ್ಯಾಟ್ ಕಾಣುತ್ತೆ. ನನ್ನಂಥ ಚಷ್ಮಾದವರನ್ನೂ ಸ್ವಲ್ಪ ನೆನಪಿಡಿ.

ಗವಾನ್_ಗಲ್ಲಿ (ಬೀದರ್)

ನಿನ್ನೆ ರಾತ್ರಿ ಕರೆಂಟ್ ಹೋಗಿತ್ತು. ಹಳೇ ಪ್ಲೇಟು ಕಾಕಾ ಗ್ಯಾಪಿನ ಬಗ್ಗೆ ಹೇಳಿದ್ದು ನೆನಪಾಗಿ ಮಾವನ ಹಳೇ ಕಪ್ಪು ಎಲ್‌ಪಿ ಒಂದನ್ನು ತೆಗೆದು ಮೊಬೈಲ್ ಟಾರ್ಚ್ ಓರೆಯಾಗಿ ಹಿಡಿದೆ. ಗೆರೆ ಮೇಲೆ ಬೆಳಕು ಸಣ್ಣ ತಂತಿ ಥರ ಹೊರಳಿತು. ಜೋರು ಹಾಡಿದ ಕಡೆ ಹೊಳಪೇ ಬೇರೆ, ಹಾಡಿನ ನಡುವಿನ ಗ್ಯಾಪು ಬರೀ ಕಪ್ಪು ಪಟ್ಟಿ. ಅತ್ತೆಯನ್ನು ಕರೆದು ತೋರಿಸಿದೆ. ಏನೂ ಅನ್ನಲಿಲ್ಲ, ಪ್ಲೇಟನ್ನು ತಾವೇ ಇಸಕೊಂಡು ತಿರುಗಿಸಿ ತಿರುಗಿಸಿ ನೋಡಿದರು.

ಕಪ್ಪೇ ಮಾಡಿಸುತ್ತೇನೆ. ಸ್ಪ್ಲಾಟರಿನ ದುಡ್ಡು ಉಳಿಯಿತು. ಕೋಟೆ ಮಣ್ಣು ಅಕ್ಕಾ, ಲೇಬಲ್ ಚಿತ್ರಕ್ಕೆ ನಿಮ್ಮ ಮನೆಗೇ ಬರಲಾ? ಫ್ಯಾಕ್ಟರಿಗೆ ಫೋನ್ ಮಾಡಿ ಕೇಳಿದೆ. ಲೇಬಲ್ಲಿಗೆ ಗೋಂದು ಹಚ್ಚೋದೇ ಇಲ್ಲವಂತೆ, ರೆಕಾರ್ಡ್ ಜೊತೆಗೇ ಒತ್ತಿಬಿಡುತ್ತಾರಂತೆ. ಕಾಗದದಲ್ಲಿ ತೇವ ಇದ್ದರೆ ಗುಳ್ಳೆ ಬರುತ್ತೆ ಅಂತ ಮೊದಲು ಓವನ್ನಿನಲ್ಲಿಟ್ಟು ಒಣಗಿಸುತ್ತಾರಂತೆ. ಕಪ್ಪು ಕಾಗದದ ಮೇಲೆ ಬೆಳ್ಳಿ ಶಾಯಿ ಆ ಬಿಸಿ ತಡೆಯುತ್ತಾ ಅಂತ ನೋಡಿ ಹೇಳುತ್ತಾರೆ. ಇಲ್ಲದಿದ್ದರೆ ಬಿಳಿ ಗೆರೆ.

ಅತ್ತೆ ಈಗ ಕವರ್ ಮೇಲಿನ ಮಾವನ ಫೋಟೋ ಹಿಡಿದಿದ್ದಾರೆ. ಟೋಪಿ ಸೊಟ್ಟ ಇದೆಯಂತೆ. ಅದಕ್ಕೆ ಬೇರೆ ಥ್ರೆಡ್ ಹಾಕುತ್ತೇನೆ.