ಸಹಾಯ ಬೇಕು: ಅವಲಕ್ಕಿ ಮಿಲ್ಲಿನ ಸದ್ದಿಗೆ ಕಿವಿಗೆ ಏನು ಹಾಕಿಕೊಳ್ಳಬೇಕು?

ನಮಸ್ಕಾರ. ದಾವಣಗೆರೆ ಹೊರವಲಯದ ಅವಲಕ್ಕಿ ಮಿಲ್ಲೊಂದರಲ್ಲಿ ನಾನು ಮೇಸ್ತ್ರಿ. ಹುರಿದ ಭತ್ತ ರೋಲರ್‌ಗೆ ಬೀಳುವಲ್ಲಿ ಪಕ್ಕದವನ ಕಿವಿಗೆ ಬಾಯಿಟ್ಟು ಕೂಗಬೇಕು. ಮೊಬೈಲ್‌ನಲ್ಲಿ ಅಳೆದರೆ 95 ಡೆಸಿಬಲ್ ಆಸುಪಾಸು ತೋರಿಸುತ್ತದೆ (ಮೊಬೈಲ್ ಲೆಕ್ಕ ಅಷ್ಟಕ್ಕಷ್ಟೇ, ಬಿಡಿ). ಕಾರ್ಖಾನೆ ನಿಯಮದಂತೆ 90 ಡೆಸಿಬಲ್‌ನಲ್ಲಿ 8 ಗಂಟೆ, 95ರಲ್ಲಿ 4 ಗಂಟೆ ಮಾತ್ರ ಇರಬಹುದು. ನಮ್ಮ ಪಾಳಿ 8 ಗಂಟೆಯದು. ಜರಡಿಯ ಬಳಿ ನಿಲ್ಲುವ ಹಿರಿಯರೊಬ್ಬರು ಈಗಾಗಲೇ ಚಹಾಕ್ಕೆ ಕರೆದರೂ ತಿರುಗಿ ನೋಡುವುದಿಲ್ಲ.

ಹತ್ತಿ ತುರುಕಿ ನೋಡಿದೆವು, ಏನೂ ಪ್ರಯೋಜನವಾಗಲಿಲ್ಲ. ಸ್ಪಂಜಿನ ಹಳದಿ ಇಯರ್‌ಪ್ಲಗ್ ತಂದೆವು. ಮೂರನೆಯ ದಿನವೇ ಒಂದು ಜಾರಿ ಅವಲಕ್ಕಿಗೆ ಬಿತ್ತು. ಚೀಲಕ್ಕೆ ಹೊಲಿಗೆ ಹಾಕುವ ಮೊದಲು ಕಣ್ಣಿಗೆ ಬಿದ್ದದ್ದು ನಮ್ಮ ಪುಣ್ಯ! ಮಾಲೀಕರು ಅಂದೇ ನಿಲ್ಲಿಸಿದರು. ಕಿವಿ ಪೂರಾ ಮುಚ್ಚುವ ಇಯರ್‌ಮಫ್ ಹಾಕಿದರೆ ಒಲೆಯ ಕಾವಿಗೆ ಬೆವರು, ಅದಕ್ಕೆ ಹೊಟ್ಟಿನ ದೂಳು ಅಂಟಿ ನವೆ. ಅರ್ಧ ಗಂಟೆಯಲ್ಲಿ ಅದು ಕೊರಳಿಗೆ ಇಳಿದಿರುತ್ತದೆ.

ಆಹಾರ ಕಾರ್ಖಾನೆಗಳಿಗೆಂದೇ ದಾರವಿರುವ ನೀಲಿ ಇಯರ್‌ಪ್ಲಗ್ ಬರುತ್ತದೆ, ಒಳಗೆ ಲೋಹವಿರುವುದರಿಂದ ಮೆಟಲ್ ಡಿಟೆಕ್ಟರ್ ಹಿಡಿಯುತ್ತದೆ ಎಂದು ಅಂಗಡಿಯವರು ಹೇಳಿದರು. ನಮ್ಮಲ್ಲಿ ಡಿಟೆಕ್ಟರ್ ಇಲ್ಲ, ಜರಡಿಯ ಬಾಯಲ್ಲಿ ಅಯಸ್ಕಾಂತ ಮಾತ್ರ ಇದೆ. ದಾರ ರೋಲರ್‌ಗೆ ಸಿಕ್ಕೀತೆಂಬ ಭಯ ಬೇರೆ.

ಬಳಸಿ ಅನುಭವವಿರುವವರು ಹೇಳಿ: ಆ ಪ್ಲಗ್ ಬರೀ ಅಯಸ್ಕಾಂತಕ್ಕೆ ಸಿಗುತ್ತದೆಯೇ? ರೋಲರ್ ಬಳಿ ನಿಲ್ಲುವವರು ದಾರವನ್ನು ಹೇಗೆ ಕಟ್ಟಿಕೊಳ್ಳುತ್ತಾರೆ?