ಸನ್ನಿ ರೋಲಿನ್ಸ್ ಅವರನ್ನು ಎದುರಿಗೆ ಕೂತು ಕೇಳಿದವರು ಯಾರಿದ್ದೀರಿ?

ಜರ್ಸಿ ಗೌಡ
ಯೂಟ್ಯೂಬ್ ಲಿಂಕ್ ಬೇಡ, ಕಣ್ಣಾರೆ ಕಂಡದ್ದು ಹೇಳಿ. ಮೊದಲು ನಂದು. 2010ರ ಸೆಪ್ಟೆಂಬರ್ 10, ನ್ಯೂಯಾರ್ಕಿನ ಬೀಕನ್ ಥಿಯೇಟರ್, ಜಾಝ್ ಸ್ಯಾಕ್ಸೊಫೋನ್ ವಾದಕ ರೋಲಿನ್ಸ್ ಅವರ ಎಂಬತ್ತನೇ ಹುಟ್ಟುಹಬ್ಬದ ಕಛೇರಿ. ನನಗೆ ಸಿಕ್ಕಿದ್ದು ಹಿಂದಿನ ಸಾಲು. ಕ್ರಿಶ್ಚಿಯನ್ ಮೆಕ್‌ಬ್ರೈಡ್ ಬಾಸ್, ರಾಯ್ ಹೇನ್ಸ್ ಡ್ರಮ್ಸ್. 'ಸನ್ನಿಮೂನ್ ಫಾರ್ ಟೂ' ಅನ್ನೋ ಅವರದೇ ಟ್ಯೂನ್ ನಡೀತಾ ಇತ್ತು. ಒಳಗೆ ಇನ್ನೊಬ್ಬರು ವಾದ್ಯ ಹಿಡಿದು ನಿಂತಿದ್ದಾರೆ ಅನ್ನೋ ಥರ ರೋಲಿನ್ಸ್ ಸುಳಿವು ಕೊಡ್ತಾರೆ, ಯಾರೂ ಬರಲ್ಲ, ಮತ್ತೆ ನುಡಿಸುತ್ತಾರೆ. ಆಮೇಲೆ ಸಣ್ಣ ಹೆಜ್ಜೆ ಇಟ್ಟುಕೊಂಡು ಇನ್ನೊಬ್ಬ ದೊಡ್ಡ ಸ್ಯಾಕ್ಸ್ ವಾದಕ ಓರ್ನೆಟ್ ಕೋಲ್ಮನ್ ಬಂದರು. ಅವರಿಗೂ ಆಗ ಎಂಬತ್ತು. ಸಭೆಯಲ್ಲಿ ಎದ್ದ ಗದ್ದಲ ಇದೆಯಲ್ಲ, ಅಂಥದ್ದನ್ನು ನಾನು ಬೇರೆಲ್ಲೂ ಕೇಳಿಲ್ಲ. ಈಗ ನಿಮ್ಮ ಸರದಿ.

ದಾದರ್ ರಾವ್
ಗೌಡ್ರೇ, ನೀವು ಎಂಬತ್ತರ ರೋಲಿನ್ಸ್ ನೋಡಿದಿರಿ, ನಾನು ನಲವತ್ತೇಳರ ರೋಲಿನ್ಸ್ ನೋಡಿದ್ದೇನೆ. 1978, ಮೊದಲನೇ 'ಜಾಝ್ ಯಾತ್ರಾ' ಉತ್ಸವ, ಬೊಂಬಾಯಿಯ ಧೋಬಿ ತಲಾವ್ ಹತ್ತಿರದ ರಂಗಭವನ. ಬಯಲು ಸಭಾಂಗಣ, ಮೇಲೆ ಆಕಾಶ. ಬ್ಯಾಂಡನ್ನು ಸುಮ್ಮನಿರಿಸಿ ಒಬ್ಬರೇ ಅರ್ಧ ಗಂಟೆ ನುಡಿಸಿದರು. ತಬಲಾದವರು, ಸಿತಾರ್‌ನವರು, ಗೋವಾದ ಬ್ಯಾಂಡ್ ಹುಡುಗರು, ಎಲ್ಲರೂ ಬಾಯಿ ಬಿಟ್ಟುಕೊಂಡು ಕೂತಿದ್ದರು. ಒಬ್ಬ ಗೆಳೆಯ ಶಾಲಿನ ಕೆಳಗೆ ಕ್ಯಾಸೆಟ್ ರೆಕಾರ್ಡರ್ ಇಟ್ಟುಕೊಂಡು ಪೂರ್ತಿ ರೆಕಾರ್ಡ್ ಮಾಡಿದ. ಆ ಕ್ಯಾಸೆಟ್ ಈಗಲೂ ನನ್ನ ಹತ್ತಿರ ಇದೆ. ಇನ್ನೊಂದು ಗೊತ್ತಾ, ಅರವತ್ತರ ದಶಕದ ಕೊನೆಯಲ್ಲಿ ರೋಲಿನ್ಸ್ ಎಲ್ಲ ಬಿಟ್ಟು ಇದೇ ಊರಿನ ಪೊವಾಯಿಯ ಆಶ್ರಮದಲ್ಲಿ ಬಂದು ಇದ್ದವರು. ಹಾಗಾಗಿ ಅವರು ನಮಗೆ ಹೊಸಬರಲ್ಲ.

ರೀಡ್ ನಂಬರ್ ಮೂರು
ಪೊವಾಯಿ ವಿಷಯ ಚೆನ್ನಾಗಿದೆ. ಆದರೆ ರಾಯರೇ, "ಶಾಲಿನ ಕೆಳಗೆ" ಅಂತ ಎಷ್ಟು ಹೆಮ್ಮೆಯಿಂದ ಬರೆದಿದ್ದೀರಿ! ಕಲಾವಿದನ ಅನುಮತಿ ಇಲ್ಲದೆ ರೆಕಾರ್ಡ್ ಮಾಡಿದರೆ ಅದು ಕಳ್ಳತನ. ನಾನೂ ಸ್ಯಾಕ್ಸ್ ನುಡಿಸುತ್ತೇನೆ, ಸಣ್ಣಪುಟ್ಟ ಜಾಗಗಳಲ್ಲಿ. ಎದುರಿಗೆ ಫೋನ್ ಎತ್ತಿ ಹಿಡಿದ ಕೂಡಲೇ ಬೆರಳು ಗಟ್ಟಿಯಾಗುತ್ತದೆ. ತಪ್ಪಿದರೆ ನಾಳೆ ಬೆಳಿಗ್ಗೆ ಇಡೀ ಊರಿಗೆ ಗೊತ್ತಾಗುತ್ತೆ ಅನ್ನೋ ಭಯ. ಆಮೇಲೆ ಯಾರು ಹೊಸದೇನಾದರೂ ಪ್ರಯತ್ನ ಮಾಡುತ್ತಾರೆ?

ಮಲ್ಲೇಶ್ವರಂ ಮೂರ್ತಿ
ಕಳ್ಳತನ ಅಂತೆ! 2001ರಲ್ಲಿ ಅವಳಿ ಗೋಪುರ ಬಿದ್ದಾಗ ರೋಲಿನ್ಸ್ ಅಲ್ಲಿಂದ ಬರೀ ಆರು ಬ್ಲಾಕ್ ದೂರದ ಮನೆಯಲ್ಲಿದ್ದರು. ಸ್ಯಾಕ್ಸೊಫೋನ್ ಹಿಡಿದುಕೊಂಡು ಕಟ್ಟಡ ಖಾಲಿ ಮಾಡಿದರು. ನಾಲ್ಕು ದಿನ ಆದಮೇಲೆ, ಸೆಪ್ಟೆಂಬರ್ 15ಕ್ಕೆ, ಬಾಸ್ಟನ್ನಿನಲ್ಲಿ ನುಡಿಸಿದರು. ಆ ಕಛೇರಿ ಇವತ್ತು ನಾವು ಕೇಳೋದಕ್ಕೆ ಕಾರಣ ಯಾರು? ಸಭೆಯಲ್ಲಿ ಕೂತು ಗುಟ್ಟಾಗಿ ರೆಕಾರ್ಡ್ ಮಾಡಿದ ಒಬ್ಬ ಅಭಿಮಾನಿ. 2005ರಲ್ಲಿ ಆಲ್ಬಮ್ ಬಂತು, ಅದರ ಸೋಲೋಗೆ ಗ್ರ್ಯಾಮಿಯೂ ಬಂತು. ನಿಮ್ಮ ಲೆಕ್ಕದಲ್ಲಿ ಕಳ್ಳನಿಗೆ ಗ್ರ್ಯಾಮಿ.

ರೀಡ್ ನಂಬರ್ ಮೂರು
"ಕಳ್ಳನಿಗೆ ಗ್ರ್ಯಾಮಿ" ಅಲ್ಲ ಸರ್, ಗ್ರ್ಯಾಮಿ ಬಂದದ್ದು ರೋಲಿನ್ಸ್ ಅವರಿಗೆ. ಅವರು ಕೇಳಿ, ಒಪ್ಪಿ, ಬಿಡುಗಡೆ ಮಾಡಿದ ಮೇಲೆ. ರಾಯರ ಗೆಳೆಯ ಯಾರನ್ನು ಕೇಳಿದ?

ಪುತ್ತೂರು ಪ್ರಭಾ
ನಾನು ಅಮೆರಿಕ ನೋಡಿದವಳಲ್ಲ. ನಮ್ಮ ಕಡೆ ದೇವಸ್ಥಾನದ ಉತ್ಸವದಲ್ಲಿ ಕದ್ರಿ ಗೋಪಾಲನಾಥರನ್ನು ಕೇಳಿದ್ದೇನೆ. ಮಿಂಚುವ ರೇಷ್ಮೆ ಜುಬ್ಬಾ, ಕುತ್ತಿಗೆಗೆ ತೂಗಿದ ಸ್ಯಾಕ್ಸೊಫೋನ್, ಚಕ್ಕಳಮಕ್ಕಳ ಹಾಕಿ ಕೂತಿದ್ದರು. ಹಿಂದುಗಡೆ ಚುರುಮುರಿ ಗಾಡಿಯವನು ಸೌಟು ಬಡಿಯೋದನ್ನೂ ನಿಲ್ಲಿಸಿಬಿಟ್ಟಿದ್ದ. ಕಲ್ಯಾಣಿ ರಾಗದಲ್ಲಿ ಒಂದು ಸ್ವರವನ್ನು ಎಳೆದು ಹಿಡಿದಾಗ ಪಕ್ಕದಲ್ಲಿ ಕೂತ ನಮ್ಮ ದೊಡ್ಡಮ್ಮ "ಉಸಿರು ಬಿಡು ಮಾರಾಯ" ಅಂತ ಗಟ್ಟಿಯಾಗಿಯೇ ಹೇಳಿದರು.

ಮಲ್ಲೇಶ್ವರಂ ಮೂರ್ತಿ
ಮೇಡಂ, ಕದ್ರಿ ದೊಡ್ಡವರು, ಒಪ್ಪಿದೆ. ಆದರೆ ಜಾಝ್ ಅಲ್ಲ. ವಿಷಯಕ್ಕೆ ಬರೋಣ. @ರೀಡ್, ಡೀನ್ ಬೆನೆಡೆಟ್ಟಿ ಯಾರನ್ನು ಕೇಳಿದ? 1947-48ರಲ್ಲಿ ಸ್ಯಾಕ್ಸ್ ವಾದಕ ಚಾರ್ಲಿ ಪಾರ್ಕರ್ ಹಿಂದೆ ರೆಕಾರ್ಡಿಂಗ್ ಯಂತ್ರ ಹೊತ್ತುಕೊಂಡು ಕ್ಲಬ್‌ನಿಂದ ಕ್ಲಬ್‌ಗೆ ಓಡಾಡಿದವನು. 1990ರಲ್ಲಿ ಅದು ಹೊರಗೆ ಬಂತು. ಅವನು ಇಲ್ಲದಿದ್ದರೆ ಆ ರಾತ್ರಿಗಳೇ ಇಲ್ಲ.

ಪುತ್ತೂರು ಪ್ರಭಾ
ಜಾಝ್ ಅಲ್ಲ ಅಂತ ನೀವು ಹೇಳಿದರೆ ಆಯ್ತಾ? 1980ರಲ್ಲಿ ಬೊಂಬಾಯಿಯ ಜಾಝ್ ಉತ್ಸವದಲ್ಲಿ ಕದ್ರಿಯವರನ್ನು ಕೇಳಿ, ನಾನೂ ಜೊತೆಗೆ ನುಡಿಸಬಹುದಾ ಅಂತ ವೇದಿಕೆ ಹತ್ತಿದವರು ಅಮೆರಿಕದ ಜಾಝ್ ಸ್ಯಾಕ್ಸ್ ವಾದಕ ಜಾನ್ ಹ್ಯಾಂಡಿ. ಜಾಝ್ ದಿಗ್ಗಜ ಚಾರ್ಲ್ಸ್ ಮಿಂಗಸ್ ಬ್ಯಾಂಡಿನಲ್ಲಿ ಇದ್ದವರು. ಅವರಿಗೆ ಇಲ್ಲದ ಮಡಿ ನಿಮಗೆ ಯಾಕೆ?

ರೀಡ್ ನಂಬರ್ ಮೂರು
ಬೆನೆಡೆಟ್ಟಿ ಹೆಸರು ತಂದದ್ದು ಒಳ್ಳೇದಾಯ್ತು. ಆ ಮಹಾನುಭಾವ ಪಾರ್ಕರ್ ನುಡಿಸುವಾಗ ಮಾತ್ರ ಯಂತ್ರ ಚಾಲೂ ಮಾಡುತ್ತಿದ್ದ. ಬೇರೆಯವರ ಸೋಲೋ ಬಂದ ತಕ್ಷಣ ಬಂದ್. ಇದು ಸಂಗೀತ ಕೇಳೋದಾ? ಪಾಯಸದಲ್ಲಿ ಗೋಡಂಬಿ ಆರಿಸಿ ತಿನ್ನೋದು. ಕದ್ದು ರೆಕಾರ್ಡ್ ಮಾಡುವವನ ಗಮನ ಯಂತ್ರದ ಮೇಲೆ, ವೇದಿಕೆ ಮೇಲಲ್ಲ.

ದಾದರ್ ರಾವ್
"ಮಹಾನುಭಾವ" ಅಂತ ವ್ಯಂಗ್ಯ ಬೇಡ. ಆಗ ಡಿಸ್ಕ್, ಟೇಪು ಎಲ್ಲ ದುಬಾರಿ. ಹುಡುಗನ ಜೇಬಿನಲ್ಲಿ ಕಾಸು ಎಲ್ಲಿತ್ತು. ನಮಗೂ 1978ರಲ್ಲಿ ಒಂದು ಖಾಲಿ ಕ್ಯಾಸೆಟ್ ಅಂದರೆ ಯೋಚನೆ ಮಾಡಿ ಕೊಳ್ಳೋ ವಸ್ತು. ನಿಮ್ಮ ಕಾಲದಲ್ಲಿ ಎಲ್ಲ ಪುಕ್ಕಟೆ ಸಿಗುತ್ತೆ, ಅದಕ್ಕೇ ನೀತಿಪಾಠವೂ ಪುಕ್ಕಟೆ.

ಧಾರವಾಡದ ದೇಸಾಯಿ
ಅಲ್ರೀ, ನಮ್ಮ ಊರಾಗ ಮನ್ಸೂರ ಅವರದು, ಭೀಮಸೇನರದು ಮನೆ ಬೈಠಕ್ಕಿನ ಟೇಪುಗಳು ಕೈಯಿಂದ ಕೈಗೆ ಹೋಗಿಲ್ಲೇನು? ಒಂದು ಟೇಪಿನಿಂದ ಇನ್ನೊಂದು, ಅದರಿಂದ ಮತ್ತೊಂದು, ಕಡೆಗೆ ತಾನ್‌ಗಿಂತ ಟೇಪಿನ ಸುರ್ರ್ ಅನ್ನೋ ಸದ್ದೇ ಜಾಸ್ತಿ. ಆದರೂ ಅದನ್ನು ಕೇಳಿಯೇ ಒಂದು ತಲೆಮಾರು ಕಲಿತಿದೆ. ಈ ರೀಡ್ ಅವರ ಕಾನೂನು ಹಚ್ಚಿದರೆ ಅರ್ಧ ಧಾರವಾಡ ಜೈಲಿನಾಗ ಇರಬೇಕಾಗತದ.

ರೀಡ್ ನಂಬರ್ ಮೂರು
ದೇಸಾಯರೇ, ಮನೆ ಬೈಠಕ್ಕು ಬೇರೆ. ಅಲ್ಲಿ ಟೇಪ್ ರೆಕಾರ್ಡರ್ ಗಾಯಕರ ಎದುರಿಗೇ ಕೂತಿರುತ್ತದೆ, ಶಾಲಿನ ಕೆಳಗಲ್ಲ. 2007ರಲ್ಲಿ ಇಟಲಿಯ ಪೆರೂಜಾದಲ್ಲಿ ಕೀತ್ ಜ್ಯಾರೆಟ್ ಏನು ಮಾಡಿದರು ಅಂತ ನೆನಪಿಲ್ವಾ? ಪಿಯಾನೋ ಮುಟ್ಟುವ ಮೊದಲೇ ಮೈಕ್ ಹಿಡಿದು, ಕ್ಯಾಮೆರಾ ಇಟ್ಟುಕೊಂಡವರನ್ನೆಲ್ಲ ಬಾಯಿಗೆ ಬಂದಂತೆ ಬೈದರು. ನನಗೆ ಅವರ ಸಂಕಟ ಅರ್ಥ ಆಗುತ್ತದೆ.

ಮಲ್ಲೇಶ್ವರಂ ಮೂರ್ತಿ
ಜ್ಯಾರೆಟ್ ಉದಾಹರಣೆ ಕೊಡ್ತಾರೆ ನೋಡಿ. ಅವರಿಗೆ ಹೆಸರು ತಂದದ್ದೇ 1975ರ ಕಲೋನ್ ಕಛೇರಿಯ ರೆಕಾರ್ಡಿಂಗ್! ಕೇಳಿದ ಪಿಯಾನೋ ಬರಲಿಲ್ಲ, ಸಣ್ಣ ಪಿಯಾನೋ ಸಿಕ್ಕಿತು, ಅದರಲ್ಲೂ ಮೇಲಿನ ಸ್ವರಗಳು ಸರಿ ಇಲ್ಲ. ನುಡಿಸೋದೇ ಇಲ್ಲ ಅಂತ ಕೂತಿದ್ದರು. ಯಂತ್ರ ಇಲ್ಲದಿದ್ದರೆ ಆ ರಾತ್ರಿ ಬರೀ ಸುಮಾರು 1400 ಜನರ ಬಾಯಲ್ಲಿ ಉಳಿಯುತ್ತಿತ್ತು.

ರೀಡ್ ನಂಬರ್ ಮೂರು
ಸ್ವಾಮಿ, ಕಲೋನಿನಲ್ಲಿ ಮೈಕ್ ಇಟ್ಟದ್ದು ಅವರದೇ ಕಂಪನಿಯವರು. ಕದ್ದವರಲ್ಲ. ಓದಿ ಉತ್ತರ ಬರೆಯಿರಿ.

ಜರ್ಸಿ ಗೌಡ
ನಾನು ಕೇಳಿದ್ದು ಯಾರನ್ನು ನೋಡಿದ್ದೀರಿ ಅಂತ. ಕೋರ್ಟ್ ಯಾಕೆ ಶುರುವಾಯ್ತು? ಓರ್ನೆಟ್ ಬಗ್ಗೆ ಒಬ್ಬರೂ ಒಂದು ಸಾಲು ಬರೆದಿಲ್ಲ.

ವಾದಿ ಅಲ್ಲ ಸಂವಾದಿ
ಗೌಡ್ರೇ, ಓರ್ನೆಟ್ ನುಡಿಸಿದ್ದು ಅವತ್ತು ಏನೇನೂ ಹೊಂದಲಿಲ್ಲ. ರೋಲಿನ್ಸ್ ಅವರ 'ರೋಡ್ ಶೋಸ್' ಆಲ್ಬಮ್ಮಿನ ಎರಡನೇ ಭಾಗದಲ್ಲಿ ಅದೇ ರಾತ್ರಿಯದ್ದು ಇದೆ, ಕೇಳಿ ನೋಡಿ. ರೋಲಿನ್ಸ್ ಒಂದು ಕಡೆ, ಅವರೊಂದು ಕಡೆ. ಬಹಳ ಜನ ಸುಮ್ನೆ ಹೆಸರು ಕೇಳಿ ಚಪ್ಪಾಳೆ ಹೊಡೆದಿದ್ದಾರೆ.

ಜರ್ಸಿ ಗೌಡ
ನೀವು ಅಲ್ಲಿ ಇದ್ದಿರಾ? ಇಲ್ಲ ಅಲ್ವಾ? ಹೊಂದಲಿಲ್ಲ ಅನ್ನೋದು ಹೆಡ್‌ಫೋನ್ ತೀರ್ಪು. ಓರ್ನೆಟ್ ಬಂದಮೇಲೆ ರೋಲಿನ್ಸ್ ನುಡಿಸುವ ರೀತಿಯೇ ಬದಲಾಯ್ತು. ಅವರ ಕಡೆ ತಿರುಗಿ, ಅವರ ಹಾಗೆ ಒಡೆದು ಒಡೆದು ನುಡಿಸೋಕೆ ಶುರು ಮಾಡಿದರು. ಎಂಬತ್ತರ ವಯಸ್ಸಿನಲ್ಲಿ, ತನ್ನದೇ ಹುಟ್ಟುಹಬ್ಬದಲ್ಲಿ, ಅತಿಥಿಗೆ ಜಾಗ ಬಿಟ್ಟುಕೊಡೋದು ಸಣ್ಣ ವಿಷಯ ಅಲ್ಲ.

ವಾದಿ ಅಲ್ಲ ಸಂವಾದಿ
"ಅವರ ಕಡೆ ತಿರುಗಿ". ಹಿಂದಿನ ಸಾಲಿನಿಂದ ಅಷ್ಟೂ ಕಂಡಿತಾ?

ದಾದರ್ ರಾವ್
ಕಂಡಿರುತ್ತದೆ. ನೋಡಿದವರ ಮಾತು ನಂಬದೇ ಇದ್ದರೆ ಇನ್ನು ಯಾರನ್ನು ನಂಬುತ್ತೀರಿ?

ಮಲ್ಲೇಶ್ವರಂ ಮೂರ್ತಿ
ರಾಯರೇ, ನಾನು ಇಷ್ಟು ಹೊತ್ತು ನಿಮ್ಮ ಪರವಾಗಿಯೇ ಇದ್ದೆ, ಆದರೆ "ಅರ್ಧ ಗಂಟೆ ಒಬ್ಬರೇ" ಅನ್ನೋದು ಸ್ವಲ್ಪ ಜಾಸ್ತಿ ಆಯ್ತು. ವರ್ಷ ಕಳೆದಂತೆ ಸೋಲೋ ಬೆಳೆಯುತ್ತದೆ. ಕ್ಯಾಸೆಟ್ ಇದೆಯಲ್ಲ, ಹಾಕಿಬಿಡಿ, ಕೇಳೋಣ.

ದಾದರ್ ರಾವ್
1986ರಲ್ಲಿ ನ್ಯೂಯಾರ್ಕ್ ರಾಜ್ಯದ ಸಾಗರ್ಟೀಸ್‌ನ ಒಂದು ಹಳೇ ಕಲ್ಲುಕ್ವಾರಿಯಲ್ಲಿ ರೋಲಿನ್ಸ್ ನುಡಿಸುತ್ತಾ ನುಡಿಸುತ್ತಾ ವೇದಿಕೆಯಿಂದ ಕೆಳಗೆ ಹಾರಿದರು. ಹಿಮ್ಮಡಿ ಮೂಳೆ ಮುರಿಯಿತು. ಅಂಗಾತ ಬಿದ್ದುಕೊಂಡೇ ನುಡಿಸುವುದನ್ನು ಮುಂದುವರಿಸಿದರು. ಇದನ್ನು ನಾನು ಬಾಯಿಮಾತಲ್ಲಿ ಹೇಳಿದ್ದರೆ "ಜಾಸ್ತಿ ಆಯ್ತು" ಅನ್ನುತ್ತಿದ್ದಿರಿ. ಫಿಲ್ಮ್ ಇದೆ, ಅದಕ್ಕೆ ಬಾಯಿ ಮುಚ್ಚಿಕೊಂಡಿದ್ದೀರಿ. ಅಂಥ ಮನುಷ್ಯನಿಗೆ ಅರ್ಧ ಗಂಟೆ ಯಾವ ಲೆಕ್ಕ?

ವಾದಿ ಅಲ್ಲ ಸಂವಾದಿ
ಅದಕ್ಕೇ ಹೇಳೋದು, ಫಿಲ್ಮ್ ಇದ್ದದ್ದಕ್ಕೆ ನಂಬಿದ್ದು.

ರೀಡ್ ನಂಬರ್ ಮೂರು
ರೆಕಾರ್ಡಿಂಗ್ ಅಂದರೆ ಸತ್ಯ ಅಂತ ಪೂಜೆ ಮಾಡಬೇಡಿ. 1956ರ ನ್ಯೂಪೋರ್ಟ್ ಜಾಝ್ ಉತ್ಸವ, ಡ್ಯೂಕ್ ಎಲಿಂಗ್ಟನ್ ಬ್ಯಾಂಡು. ಸ್ಯಾಕ್ಸ್ ವಾದಕ ಪಾಲ್ ಗೊನ್ಸಾಲ್ವಿಸ್ ಒಂದೇ ಸೋಲೋದಲ್ಲಿ ಇಪ್ಪತ್ತೇಳು ಆವರ್ತ ನುಡಿಸಿದರು, ಜನ ಎದ್ದು ಕುಣಿದರು. ಅಲ್ಲಿದ್ದವರಿಗೆ ಚೆನ್ನಾಗಿಯೇ ಕೇಳಿಸಿತು. ಆದರೆ ಅವರು ನುಡಿಸಿದ್ದು ವಾಯ್ಸ್ ಆಫ್ ಅಮೆರಿಕ ರೇಡಿಯೋದವರ ಮೈಕಿಗೆ, ರೆಕಾರ್ಡ್ ಕಂಪನಿಯ ಮೈಕಿಗಲ್ಲ. ಆಲ್ಬಮ್ಮಿನಲ್ಲಿ ಅವರು ಎಲ್ಲೋ ದೂರದಲ್ಲಿ ಕೇಳಿಸುತ್ತಾರೆ. ಬೇರೆ ತುಣುಕುಗಳನ್ನು ಸ್ಟುಡಿಯೋದಲ್ಲಿ ಮತ್ತೆ ನುಡಿಸಿ, ಮೇಲೆ ಚಪ್ಪಾಳೆ ಸೇರಿಸಿ 'ನ್ಯೂಪೋರ್ಟ್' ಅಂತ ಮಾರಿದರು. ಸರಿಯಾದದ್ದು ಬಂದದ್ದು 1999ರಲ್ಲಿ. ನಲವತ್ತಕ್ಕಿಂತ ಹೆಚ್ಚು ವರ್ಷ ಸುಳ್ಳು ಹೇಳಿದ್ದು ಯಂತ್ರ, ನೋಡಿದವರಲ್ಲ.

ಮಲ್ಲೇಶ್ವರಂ ಮೂರ್ತಿ
1999ರಲ್ಲಿ ಸರಿ ಮಾಡಿದ್ದು ಹೇಗೆ? ವಾಯ್ಸ್ ಆಫ್ ಅಮೆರಿಕದವರ ಟೇಪು ಸಿಕ್ಕಿದ್ದರಿಂದ! ಅಂದರೆ ಇನ್ನೊಂದು ರೆಕಾರ್ಡಿಂಗ್‌ನಿಂದ. ಥ್ಯಾಂಕ್ಸ್, ನನ್ನ ಕೆಲಸ ನೀವೇ ಮಾಡಿಕೊಟ್ಟಿರಿ. 1957ರ ಕಾರ್ನೆಗಿ ಹಾಲಿನಲ್ಲಿ ಪಿಯಾನೋದ ಮಾಂಕ್ ಮತ್ತು ಸ್ಯಾಕ್ಸಿನ ಕೋಲ್ಟ್ರೇನ್ ನುಡಿಸಿದ ಟೇಪು 2005ರವರೆಗೆ ಲೈಬ್ರರಿ ಆಫ್ ಕಾಂಗ್ರೆಸ್‌ನ ಡಬ್ಬದಲ್ಲಿ ಬಿದ್ದಿತ್ತು, ಅದೂ ವಾಯ್ಸ್ ಆಫ್ ಅಮೆರಿಕದವರೇ ಮಾಡಿಟ್ಟದ್ದು.

ರೀಡ್ ನಂಬರ್ ಮೂರು
ಅವೆಲ್ಲ ಅನುಮತಿ ಇದ್ದ ರೆಕಾರ್ಡಿಂಗ್. ನಾನು ಹೇಳ್ತಿರೋದು ಶಾಲು.

ಮಲ್ಲೇಶ್ವರಂ ಮೂರ್ತಿ
ಅದೇ ಇಬ್ಬರೂ ಫೈವ್ ಸ್ಪಾಟ್ ಕ್ಲಬ್ಬಿನಲ್ಲಿ 1958ರಲ್ಲಿ ನುಡಿಸಿದ್ದು ಉಳಿದಿರೋದು ಕೋಲ್ಟ್ರೇನ್ ಹೆಂಡತಿ ನೈಮಾ ಸಣ್ಣ ಯಂತ್ರದಲ್ಲಿ ಹಿಡಿದದ್ದರಿಂದ. ಆಕೆಯೂ ಕಳ್ಳಿನಾ?

ರೀಡ್ ನಂಬರ್ ಮೂರು
ಹೆಂಡತಿ ಮತ್ತು ರಾಯರ ಗೆಳೆಯ ಒಂದೇನಾ ಗುರು?

ಧಾರವಾಡದ ದೇಸಾಯಿ
ಜಾಝ್ ಸ್ಯಾಕ್ಸ್ ವಾದಕ ಎರಿಕ್ ಡಾಲ್ಫಿ 1964ರಲ್ಲಿ ಹೇಳಿದ್ದು ನೆನಪು ಮಾಡಿಕೊಳ್ರಿ. ಸಂಗೀತ ಮುಗಿದ ಮೇಲೆ ಗಾಳಿಯಲ್ಲಿ ಹೋತು, ಮತ್ತೆ ಹಿಡಿಯಾಕ ಆಗೂದಿಲ್ಲ ಅಂತ. ಅದೇ ವರ್ಷ ಜೂನ್ ಕೊನಿಗೆ ಬರ್ಲಿನ್ನಿನಲ್ಲಿ ತೀರಿಕೊಂಡರು.

ಮಲ್ಲೇಶ್ವರಂ ಮೂರ್ತಿ
ಆ ಮಾತು ನಿಮಗೆ ಸಿಕ್ಕಿದ್ದೂ ರೆಕಾರ್ಡಿನ ಕೊನೆಯಲ್ಲಿ ಅಂಟಿಸಿದ ಅವರ ದನಿಯಿಂದಲೇ, ದೇಸಾಯರೇ.

ಪುತ್ತೂರು ಪ್ರಭಾ
ಜಾನ್ ಹ್ಯಾಂಡಿ ವಿಷಯಕ್ಕೆ ಇನ್ನೂ ಉತ್ತರ ಬಂದಿಲ್ಲ. ಇರಲಿ, ನೆನಪಿಸಿದೆ ಅಷ್ಟೇ.

ರೀಡ್ ನಂಬರ್ ಮೂರು
ರಾಯರು ಕ್ಯಾಸೆಟ್ ಹಾಕೋದರ ಬಗ್ಗೆ ಮಾತೇ ಆಡುತ್ತಿಲ್ಲ, ಗಮನಿಸಿದಿರಾ?

ದಾದರ್ ರಾವ್
ಫಂಗಸ್ ಹಿಡಿದಿದೆ. ಬೊಂಬಾಯಿ ಮಳೆಗಾಲದಲ್ಲಿ ಇಷ್ಟು ವರ್ಷ ಉಳಿದದ್ದೇ ದೊಡ್ಡದು. ರಿಪೇರಿಗೆ ಕೊಟ್ಟಿದ್ದ ಅಂಗಡಿಯವನು ಟೇಪು ತಿರುಚಿ ಕೊಟ್ಟ. ಈಗ ಒಣಗಿಸಿ, ಹತ್ತಿಯಲ್ಲಿ ಒರೆಸಿ, ಬೇರೆ ಡಬ್ಬಿಗೆ ಸುತ್ತುತ್ತಾ ಇದ್ದೇನೆ.

ವಾದಿ ಅಲ್ಲ ಸಂವಾದಿ
ಫಂಗಸ್. ಸರಿ ಸರಿ.

ದಾದರ್ ರಾವ್
ಏನ್ರೀ ಸರಿ ಸರಿ? ಸುಳ್ಳು ಅನ್ನೋದಾದರೆ ನೇರವಾಗಿ ಅನ್ನಿ. ಎಪ್ಪತ್ತು ದಾಟಿದ ಮನುಷ್ಯನ ಹತ್ತಿರ ಹೀಗೆ ಮಾತಾಡೋದನ್ನು ಮನೆಯಲ್ಲಿ ಕಲಿಸಿದ್ದಾ?

ಅಡ್ಮಿನ್
ಮನೆ ವಿಷಯ ಬೇಡ. ಇನ್ನೊಂದು ಸಲ ಆದರೆ ಚರ್ಚೆ ಬಂದ್.

ಮಲ್ಲೇಶ್ವರಂ ಮೂರ್ತಿ
ರಾಯರೇ, ಬೇಜಾರು ಮಾಡಿಕೊಳ್ಳಬೇಡಿ, ಬರೀ ಲೆಕ್ಕ ಕೇಳ್ತೀನಿ. ಕ್ಯಾಸೆಟ್ ಸಿ-60 ಆದರೆ ಒಂದು ಸೈಡಿಗೆ ಮೂವತ್ತು ನಿಮಿಷ. ಅರ್ಧ ಗಂಟೆ ಒಬ್ಬರೇ ನುಡಿಸಿದ್ದು ಅಂದರೆ ಒಂದು ಸೈಡ್ ಪೂರ್ತಿ ಅದೇ ಆಗಬೇಕು. ನಡುವೆ ಬ್ಯಾಂಡಿನ ಸದ್ದು ಒಂದು ಕ್ಷಣ ಇದ್ದರೂ ಲೆಕ್ಕ ತಪ್ಪುತ್ತದೆ.

ದಾದರ್ ರಾವ್
ಸಿ-90 ಅದು.

ರೀಡ್ ನಂಬರ್ ಮೂರು
ಮೊದಲು ಹೇಳಲಿಲ್ಲ.

ದಾದರ್ ರಾವ್
ಮೊದಲು ಯಾರು ಕೇಳಿದರು? ನೀವು ಶಾಲು ಬಿಟ್ಟು ಬೇರೆ ಏನಾದರೂ ಕೇಳಿದ್ದೀರಾ?

ಮಲ್ಲೇಶ್ವರಂ ಮೂರ್ತಿ
ಸಿ-90 ಆದರೆ ಒಂದು ಸೈಡಿಗೆ ನಲವತ್ತೈದು ನಿಮಿಷ. ಹಾಗಾದರೂ ಇಡೀ ಕಛೇರಿ ಒಂದೇ ಸೈಡಿನಲ್ಲಿ ಹಿಡಿಸಲ್ಲ. "ಪೂರ್ತಿ ರೆಕಾರ್ಡ್ ಮಾಡಿದ" ಅಂತ ಬರೆದಿದ್ದೀರಿ. ಸೈಡ್ ತಿರುಗಿಸುವಾಗ ಏನು ಹೋಯ್ತು?

ದಾದರ್ ರಾವ್
ಡ್ರಮ್ಸ್ ಸೋಲೋ ಹೋಯ್ತು. ಸಾಕಾ?

ರೀಡ್ ನಂಬರ್ ಮೂರು
ನೋಡಿದಿರಾ, ಬೆನೆಡೆಟ್ಟಿ ಕೆಲಸವೇ.